ಹಳೆ ಪಿಕಪ್‌ನ ಹಿಂಭಾಗದಿಂದ ಟ್ರೇಲರ್: ಟೇಪು ಮೊದಲು, ಗ್ರೈಂಡರ್ ಆಮೇಲೆ

ನನ್ನ ಹಳೆ ಪಿಕಪ್‌ನ ಎಂಜಿನ್ ಕೈಕೊಟ್ಟಾಗ ಅದಕ್ಕೆ 26 ವರ್ಷ. ಕ್ಯಾಬಿನ್ನಿನ ನೆಲ ತುಕ್ಕು ಹಿಡಿದು, ಕ್ಲಚ್ ಒತ್ತುವಾಗ ಕಾಲಿನ ಪಕ್ಕದಲ್ಲೇ ರಸ್ತೆ ಕಾಣುತ್ತಿತ್ತು. ಆದರೆ ಹಿಂದಿನ ಅರ್ಧ ಗಟ್ಟಿಮುಟ್ಟಾಗಿತ್ತು. ಸರಕು ಹೇರುವ ಬಾಡಿ, ಅದರ ಕೆಳಗಿನ ಚಾಸಿ, ಎರಡು ಚಕ್ರ ಜೋಡಿಸುವ ಆಕ್ಸಲ್, ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗ್, ಎರಡು ಚಕ್ರ, ಹಿಂದಿನ ಬಾಗಿಲು, ಲೈಟು, ಎಲ್ಲ ಜೋಡಿಸಿ ಇಟ್ಟ ಹಾಗೆಯೇ ಇದ್ದವು. ಟ್ರೇಲರ್ ಆಗಲು ಇಲ್ಲದಿದ್ದದ್ದು ಮುಂದಿನ ಕೋಲು ಒಂದೇ. ಎತ್ತಿನಗಾಡಿಯಲ್ಲಿ ಆ ಕೋಲಿಗೆ ಮೂಕಿ ಅನ್ನುತ್ತೇವಲ್ಲ, ಇಲ್ಲೂ ಅದೇ ಪದ ಬಳಸುತ್ತೇನೆ.

ನಾನು, ನನ್ನ ತಮ್ಮ ಇಬ್ಬರೇ ಸೇರಿ ಐದು ವಾರಾಂತ್ಯ ಕೆಲಸ ಮಾಡಿದೆವು. ಕತ್ತರಿಸಿದ್ದು ಒಂದೇ ಮಧ್ಯಾಹ್ನ. ಉಳಿದ ದಿನಗಳೆಲ್ಲ ಬಿಚ್ಚುವುದು, ಅಳೆಯುವುದು, ತಪ್ಪು ಮಾಡುವುದು, ಮತ್ತೆ ಅಳೆಯುವುದು. ನೀವು ಮಾಡುವುದಾದರೆ ನಮ್ಮ ತಪ್ಪುಗಳನ್ನಾದರೂ ತಪ್ಪಿಸಿಕೊಳ್ಳಿ.

ಗ್ರೈಂಡರ್ ಮುಟ್ಟುವ ಮೊದಲು

ಮೊದಲು ಕಾಗದಪತ್ರ. ಮನೆಯಲ್ಲಿ ಮಾಡಿದ ಟ್ರೇಲರಿಗೆ ನೋಂದಣಿ, ತಪಾಸಣೆ, ಹೊಸ ಚಾಸಿ ನಂಬರ್ ಇವುಗಳ ನಿಯಮ ಒಂದೊಂದು ಕಡೆ ಒಂದೊಂದು ಥರ. ಎಷ್ಟೋ ಪಿಕಪ್‌ಗಳಲ್ಲಿ ಚಾಸಿ ನಂಬರ್ ಕೆತ್ತಿರುವುದು ಮುಂಭಾಗದಲ್ಲಿ. ಕತ್ತರಿಸಿದ ಮೇಲೆ ನಂಬರ್ ಗುಜರಿಗೆ ಹೋಗುತ್ತದೆ, ಕೈಯಲ್ಲಿ ಉಳಿಯುವುದು ಹೆಸರಿಲ್ಲದ ಕಬ್ಬಿಣ. ಹಾಗಾಗಿ ವಾಹನ ನೋಂದಣಿ ಕಚೇರಿಯಲ್ಲಿ ಮೊದಲೇ ಕೇಳಿ. ನಂಬರ್ ಇರುವ ಜಾಗದ ಫೋಟೋ ತೆಗೆದಿಟ್ಟುಕೊಳ್ಳಿ, ಹಳೆ ದಾಖಲೆ ಎಸೆಯಬೇಡಿ. ಬ್ರೇಕ್ ಇಲ್ಲದ ಟ್ರೇಲರಿಗೆ ತೂಕದ ಮಿತಿಯೂ ಇರುತ್ತದೆ. ಹಲವು ದೇಶಗಳಲ್ಲಿ ಅದು ಸರಕು ಸೇರಿ ಒಟ್ಟು 750 ಕೆ.ಜಿ. ನಿಮ್ಮ ಕಾರು ಎಷ್ಟು ಎಳೆಯಬಹುದು ಎಂದು ಅದರ ಕೈಪಿಡಿಯಲ್ಲಿ ಬೇರೆ ಇರುತ್ತದೆ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ.

ಆಮೇಲೆ ಚಾಸಿ. ಒಂದು ಸುತ್ತಿಗೆ ಹಿಡಿದು ಗಾಡಿ ಕೆಳಗೆ ಮಲಗಿ. ಗಟ್ಟಿ ಕಬ್ಬಿಣಕ್ಕೆ ಬಡಿದರೆ ಟಣ್ ಎನ್ನುತ್ತದೆ, ಒಳಗೆ ತಿಂದುಹೋಗಿದ್ದರೆ ಡಬ್ ಎನ್ನುತ್ತದೆ. ಮುಖ್ಯವಾಗಿ ಸ್ಪ್ರಿಂಗ್ ಬಂದು ಚಾಸಿಗೆ ಕೂರುವ ನಾಲ್ಕು ಜಾಗಗಳನ್ನು ನೋಡಿ. ಅಲ್ಲಿ ಮಣ್ಣು ಕೂತು ತುಕ್ಕು ಜಾಸ್ತಿ. ಅಲ್ಲೇ ತೂತಾಗಿದ್ದರೆ ಈ ಕೆಲಸ ಕೈಬಿಡಿ. ಬಾಡಿಯ ತಗಡಿನಲ್ಲಿ ತೂತಿದ್ದರೆ ಪರವಾಗಿಲ್ಲ, ತೇಪೆ ಹಾಕಬಹುದು.

ಹಿಂದೆ ಲೀಫ್ ಸ್ಪ್ರಿಂಗ್ ಇರುವ ಪಿಕಪ್ ಆದರೆ ಕೆಲಸ ಸುಲಭ. ಆಕ್ಸಲನ್ನು ಹಿಡಿದಿಡುವುದೂ ಸ್ಪ್ರಿಂಗೇ, ಹೊರುವುದೂ ಸ್ಪ್ರಿಂಗೇ. ಕಾಯಿಲ್ ಸ್ಪ್ರಿಂಗ್ ಆದರೆ ಆಕ್ಸಲನ್ನು ಮುಂದಕ್ಕೆ ಎಳೆದು ಹಿಡಿಯುವ ಉದ್ದನೆ ತೋಳುಗಳು ಬೇರೆ ಇರುತ್ತವೆ, ಅವು ಕೂರುವ ಜಾಗವನ್ನೂ ಬಿಟ್ಟು ಮುಂದೆ ಕತ್ತರಿಸಬೇಕಾಗುತ್ತದೆ.

ಆಕ್ಸಲ್ ಒಳಗಿರುವುದನ್ನು ತೆಗೆಯಬೇಕಾ?

ನನ್ನನ್ನು ಎಲ್ಲರೂ ಕೇಳಿದ ಪ್ರಶ್ನೆ ಇದು. ಎಳೆಯುವ ಟ್ರೇಲರಿಗೆ ಡಿಫರೆನ್ಷಿಯಲ್ (ಎಂಜಿನ್ ಬಲವನ್ನು ಎರಡೂ ಚಕ್ರಕ್ಕೆ ಹಂಚುವ ಗೇರುಗಳ ಗುಂಪು) ಯಾಕೆ, ತೆಗೆದು ಹಗುರ ಮಾಡಬಾರದಾ ಎಂದು. ಬಹಳ ಪಿಕಪ್‌ಗಳಲ್ಲಿ ಹಾಗೆ ಮಾಡಲು ಬರುವುದಿಲ್ಲ. ಚಕ್ರ ಕೂತಿರುವುದೇ ಒಳಗಿನ ಆಕ್ಸಲ್ ಶಾಫ್ಟಿನ ತುದಿಯಲ್ಲಿ. ಶಾಫ್ಟ್ ಎಳೆದರೆ ಚಕ್ರವೂ ಜೊತೆಗೇ ಬರುತ್ತದೆ. ಕೆಲವದರಲ್ಲಿ ಆ ಶಾಫ್ಟನ್ನು ಒಳಗೆ ಹಿಡಿದಿಟ್ಟಿರುವುದು ಡಿಫರೆನ್ಷಿಯಲ್ ಒಳಗಿನ ಒಂದು ಸಣ್ಣ ಕ್ಲಿಪ್ಪು. ಅದು ಇಲ್ಲದಿದ್ದರೆ ಓಡುವಾಗ ಚಕ್ರ ಶಾಫ್ಟಿನ ಸಮೇತ ಹೊರಗೆ ಬರುತ್ತದೆ.

ಭಾರಿ ಪಿಕಪ್‌ಗಳ ಕಥೆ ಬೇರೆ. ಚಕ್ರದ ನಡುವೆ ಹಬ್ ಮುಂದಕ್ಕೆ ಚಾಚಿಕೊಂಡು, ಅದರ ಮೇಲೆ ಆರೋ ಎಂಟೋ ಬೋಲ್ಟಿನ ಮುಚ್ಚಳ ಇದ್ದರೆ, ಅಲ್ಲಿ ಚಕ್ರವನ್ನು ಹೊರುವುದು ಹೊರಗಿನ ಹೌಸಿಂಗ್. ಶಾಫ್ಟ್ ಬರೀ ತಿರುಗಿಸಲು. ಅದನ್ನು ತೆಗೆದು ತೂತಿಗೆ ತಗಡಿನ ಮುಚ್ಚಳ ಹಾಕಬಹುದು. ಆದರೆ ಆ ಬೇರಿಂಗಿಗೆ ಎಣ್ಣೆ ಡಿಫರೆನ್ಷಿಯಲ್‌ನಿಂದ ಬರುತ್ತಿದ್ದರೆ, ಈಗ ಗ್ರೀಸ್ ತುಂಬಬೇಕು.

ನನ್ನದು ಮೊದಲ ಥರದ್ದು. ಏನನ್ನೂ ತೆಗೆಯಲಿಲ್ಲ. ಎಂಜಿನ್ ಕಡೆಯಿಂದ ಆಕ್ಸಲಿಗೆ ಬರುವ ಉದ್ದ ಪ್ರೊಪೆಲ್ಲರ್ ಶಾಫ್ಟ್ ಮಾತ್ರ ಬಿಚ್ಚಿದೆ. ಅದು ಕೂರುತ್ತಿದ್ದ ದುಂಡು ತಟ್ಟೆಯನ್ನು, ಅಂದರೆ ಫ್ಲ್ಯಾಂಜನ್ನು, ಹಾಗೇ ಬಿಟ್ಟೆ. ಅದರ ನಡುವಿನ ದೊಡ್ಡ ನಟ್ ಬಿಚ್ಚಬೇಡಿ. ಒಳಗಿನ ಪಿನಿಯನ್ ಬೇರಿಂಗ್ ಎಷ್ಟು ಬಿಗಿ ಇರಬೇಕು ಎನ್ನುವುದನ್ನು ಆ ನಟ್ ಹಿಡಿದಿರುತ್ತದೆ, ಎಣ್ಣೆ ಸೀಲ್ ಕೂರುವುದೂ ಆ ಫ್ಲ್ಯಾಂಜಿನ ಕತ್ತಿನ ಮೇಲೇ. ಹಳೆ ಗೇರ್ ಆಯಿಲ್ ಇಳಿಸಿ, 80ಡಬ್ಲ್ಯೂ-90 ಹೊಸದಾಗಿ ತುಂಬಿದೆ. ಮಟ್ಟದ ತೂತಿನ ಅಂಚಿಗೆ ಎಣ್ಣೆ ಬರುವವರೆಗೆ ಹಾಕಿದರೆ ಸಾಕು. ಆಕ್ಸಲ್ ಮೇಲೆ ಒಂದು ಸಣ್ಣ ರಬ್ಬರ್ ಕೊಳವೆ ಇರುತ್ತದೆ, ಒಳಗಿನ ಬಿಸಿಗಾಳಿ ಹೊರಹೋಗಲು. ಅದನ್ನು ಕಿತ್ತು ಬಿಸಾಡಬೇಡಿ, ಚಾಸಿಗೆ ಎತ್ತರದಲ್ಲಿ ಕಟ್ಟಿ. ಅದರೊಳಗೆ ಕಸ ಸೇರಿ ಮುಚ್ಚಿಹೋದರೆ ಸೀಲಿನಿಂದ ಎಣ್ಣೆ ಸೋರಲು ಶುರುವಾಗುತ್ತದೆ.

ಯಾರಾದರೂ ಹಿಂದೆ ಡಿಫರೆನ್ಷಿಯಲ್ಲನ್ನು ವೆಲ್ಡ್ ಮಾಡಿ ಎರಡೂ ಚಕ್ರ ಒಟ್ಟಿಗೇ ತಿರುಗುವ ಹಾಗೆ ಮಾಡಿದ್ದರೆ, ಆ ಆಕ್ಸಲ್ ಬೇಡ. ತಿರುವಿನಲ್ಲಿ ಟೈರು ಉಜ್ಜುತ್ತದೆ. ಜಾಕಿ ಹಾಕಿ ಒಂದು ಚಕ್ರ ತಿರುಗಿಸಿ ನೋಡಿ. ಇನ್ನೊಂದು ಎದುರು ದಿಕ್ಕಿಗೆ ತಿರುಗಿದರೆ ಸರಿ ಇದೆ.

ಬಿಚ್ಚುವುದು, ಕತ್ತರಿಸುವುದು

ಬ್ಯಾಟರಿ ಮೊದಲು ತೆಗೆಯಿರಿ. ಆಮೇಲೆ ಇಂಧನದ ಟ್ಯಾಂಕ್. ಖಾಲಿ ಮಾಡಿದರೆ ಸಾಲದು, ಟ್ಯಾಂಕನ್ನೇ ಇಳಿಸಿ ದೂರ ಒಯ್ಯಿರಿ. ಖಾಲಿ ಟ್ಯಾಂಕಿನಲ್ಲಿ ಆವಿ ತುಂಬಿರುತ್ತದೆ, ತುಂಬಿದ ಟ್ಯಾಂಕಿಗಿಂತ ಅದೇ ಅಪಾಯ. ಇಂಧನದ ಪೈಪನ್ನೂ ಬಿಡಬೇಡಿ. ನಾವು ಟ್ಯಾಂಕ್ ಇಳಿಸಿ ನಿಶ್ಚಿಂತೆಯಾಗಿ ಗ್ರೈಂಡರ್ ಹಿಡಿದಾಗ ಚಾಸಿ ಒಳಗೆ ಹೋಗಿದ್ದ ಪೈಪಿನಿಂದ ಅರ್ಧ ಲೋಟದಷ್ಟು ಪೆಟ್ರೋಲ್ ಸೋರಿತು. ಕಿಡಿ ಬೀಳಲಿಲ್ಲ, ಅಷ್ಟೇ. ಅವತ್ತು ಕೆಲಸ ನಿಲ್ಲಿಸಿದೆವು.

ಸೈಲೆನ್ಸರ್, ಬ್ರೇಕ್ ಪೈಪು, ಸ್ಟೆಪ್ನಿ ತೊಟ್ಟಿಲು ಇವನ್ನೂ ಬಿಚ್ಚಿ. ಹಿಂದಿನ ಲೈಟುಗಳ ವೈರಿಂಗನ್ನು ಮಾತ್ರ ಜೋಪಾನ ಮಾಡಿ. ಅದನ್ನು ಕ್ಯಾಬಿನ್ ಹತ್ತಿರ ಕತ್ತರಿಸಿ, ಉದ್ದ ಜಾಸ್ತಿ ಬಿಡಿ. ಬ್ರೇಕ್ ಡ್ರಮ್ ತೆಗೆದಾಗ ಒಳಗಿನ ಧೂಳನ್ನು ಗಾಳಿಯಲ್ಲಿ ಊದಬೇಡಿ. ಹಳೆ ಲೈನಿಂಗ್‌ಗಳಲ್ಲಿ ಕಲ್ನಾರು ಇರುತ್ತಿತ್ತು. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ.

ಎಲ್ಲಿ ಕತ್ತರಿಸಬೇಕು? ಕ್ಯಾಬಿನ್ ಗೋಡೆಗೆ ಹತ್ತಿ ಅಲ್ಲ, ಬಾಡಿಗೆ ಹತ್ತಿಯೂ ಅಲ್ಲ. ಬಾಡಿಯ ಮುಂದೆ ಚಾಸಿಯ ಎರಡು ಉದ್ದ ಹಳಿಗಳನ್ನು ಆದಷ್ಟು ಉಳಿಸಿಕೊಳ್ಳಿ, ಬೇಡವಾದದ್ದನ್ನು ಆಮೇಲೆ ಕತ್ತರಿಸಬಹುದು. ಸ್ಪ್ರಿಂಗಿನ ಮುಂದಿನ ಕಿವಿ ಕೂರುವ ಬ್ರ್ಯಾಕೆಟ್ಟಿಗೆ ಹತ್ತಿರ ಹೋಗಲೇಬೇಡಿ. ನಾನು ಕ್ಯಾಬಿನ್ ಎತ್ತಿಸಿ, ಬಾಡಿಯ ಮುಂದೆ 40 ಸೆಂ.ಮೀ. ಬಿಟ್ಟು ಗೆರೆ ಎಳೆದೆ.

ಕತ್ತರಿಸುವ ಮೊದಲು ಗೆರೆಯ ಎರಡೂ ಕಡೆ, ಎರಡೂ ಹಳಿಗಳ ಕೆಳಗೆ ಸ್ಟ್ಯಾಂಡ್ ಕೊಡಿ. ಬಾಡಿಯ ಹಿಂದಿನ ತುದಿಗೂ ಎರಡು. ಬರೀ ಜಾಕಿ ನಂಬಬೇಡಿ. ಹಿಂಭಾಗ ಎರಡೇ ಚಕ್ರದ ಮೇಲೆ ನಿಂತ ಏತದ ಹಾಗೆ. ಕೊನೆಯ ಅರ್ಧ ಇಂಚು ಕತ್ತರಿಸುವಾಗ ಅದು ಮುಂದಕ್ಕೂ ವಾಲಬಹುದು, ಹಿಂದಕ್ಕೂ ವಾಲಬಹುದು. ಕತ್ತರಿಸುವ ಡಿಸ್ಕು ಕಬ್ಬಿಣದಲ್ಲಿ ಸಿಕ್ಕಿಕೊಂಡು ಒಡೆದರೆ ಮುಖಕ್ಕೇ ಬರುತ್ತದೆ. ಕನ್ನಡಕ ಸಾಲದು, ಮುಖಪೂರ್ತಿ ಮುಚ್ಚುವ ಗುರಾಣಿ ಹಾಕಿ.

ಮೂಕಿ

ಟ್ರೇಲರ್ ಅಂದರೆ ಇದೇ. ಉಳಿದದ್ದನ್ನು ಕಾರ್ಖಾನೆಯವರು ಮಾಡಿಕೊಟ್ಟಿದ್ದಾರೆ, ಇದೊಂದೇ ನಿಮ್ಮದು.

ಉದ್ದ ಎಷ್ಟು? ತೀರಾ ಗಿಡ್ಡ ಆದರೆ ಹಿಂದಕ್ಕೆ ತೆಗೆಯುವಾಗ ಟ್ರೇಲರ್ ಕಣ್ಣುಮುಚ್ಚಿ ತೆರೆಯುವುದರಲ್ಲಿ ಮಡಚಿಕೊಳ್ಳುತ್ತದೆ. ಜೊತೆಗೆ ಬಾಡಿಯ ಮೂಲೆ ಕಾರಿನ ಮೂಲೆಗೆ ತಾಗುತ್ತದೆ. ಪೂರ್ತಿ ಅಡ್ಡ ತಿರುಗಿದಾಗಲೂ ತಾಗಬಾರದು ಎಂದರೆ, ಕಾರಿನ ಹಿಂದೆ ಟ್ರೇಲರ್ ಸಿಕ್ಕಿಸುವ ಉಕ್ಕಿನ ಗುಂಡು, ಅಂದರೆ ಹುಕ್ಕಿನ ಬಾಲ್‌ನಿಂದ ಬಾಡಿಯ ಮುಂದಿನ ಗೋಡೆಗೆ ಇರುವ ದೂರ ಕಾರಿನ ಅರ್ಧ ಅಗಲಕ್ಕಿಂತ ಜಾಸ್ತಿ ಇರಬೇಕು. ನನ್ನ ಕಾರಿನ ಅಗಲ 1.8 ಮೀಟರ್, ಅರ್ಧ ಅಂದರೆ 90 ಸೆಂ.ಮೀ. ನಾನು 1.3 ಮೀಟರ್ ಇಟ್ಟೆ. ಬಾಲ್‌ನಿಂದ ಆಕ್ಸಲ್‌ವರೆಗೆ ಸರಿಯಾಗಿ 3 ಮೀಟರ್ ಬಂತು.

ನಾನು ಹಾಕಿದ್ದು 100×50 ಮಿ.ಮೀ., 5 ಮಿ.ಮೀ. ದಪ್ಪದ ಒಂದು ಬಾಕ್ಸ್ ಪೈಪ್, ಎತ್ತರಕ್ಕೆ ನಿಲ್ಲಿಸಿ. ಉದ್ದ 2.4 ಮೀಟರ್. ಅದರಲ್ಲಿ 1.1 ಮೀಟರ್ ಬಾಡಿಯ ಕೆಳಗೆ ಹೋಗುತ್ತದೆ. ಪೈಪನ್ನು ಚಾಸಿಯ ಮುಂದಿನ ತುದಿಗೆ ಅಂಟಿಸಿ ಬಿಡುವವರನ್ನು ನೋಡಿದ್ದೇನೆ. ಎರಡು ಗುಂಡಿ ಹಾರಿದರೆ ಕಿತ್ತು ಬರುತ್ತದೆ. ಒಳಗೆ ಉದ್ದ ಹೋಗಿ ಎರಡು ಕಡೆ ಕಚ್ಚಿಕೊಂಡರೆ ಮಾತ್ರ ಅದು ಸನ್ನೆಗೋಲಿನ ಎಳೆತ ತಡೆಯುತ್ತದೆ. ಪಿಕಪ್‌ನ ಮೂಲ ಅಡ್ಡಪಟ್ಟಿಗಳು ತೆಳು ತಗಡು, ಅವನ್ನು ನಂಬಬೇಡಿ. ಹಳಿಯಿಂದ ಹಳಿಗೆ ಎರಡು ಹೊಸ ಸಿ-ಚಾನಲ್ ಅಡ್ಡ ಹಾಕಿ, ಮೂಕಿಯನ್ನು ಅವಕ್ಕೆ ಬೆಸೆದೆವು. ಇದಲ್ಲದೆ ಹಳಿಗಳ ಮುಂದಿನ ತುದಿಯಿಂದ ಮೂಕಿಯ ನಡುವಿಗೆ ಎರಡು ಓರೆ ಪೈಪು, 50×50.

ಅಡ್ಡ ಚಾನಲ್‌ಗಳನ್ನು ಚಾಸಿಗೆ ವೆಲ್ಡ್ ಮಾಡಲಿಲ್ಲ, ಬೋಲ್ಟ್ ಹಾಕಿದೆವು. 8.8 ಗ್ರೇಡಿನ 12 ಮಿ.ಮೀ. ಬೋಲ್ಟು, ಒಂದು ಮೂಲೆಗೆ ನಾಲ್ಕು, ಲಾಕ್ ನಟ್ ಸಮೇತ. ಬೋಲ್ಟ್ ತಲೆಯ ಮೇಲೆ 8.8 ಎಂದು ಕೆತ್ತಿರುತ್ತದೆ, ಇಲ್ಲದಿದ್ದರೆ ವಾಪಸ್ ಕೊಡಿ. ತೂತು ಕೊರೆದದ್ದು ಹಳಿಯ ನಿಂತ ಗೋಡೆಯಲ್ಲಿ. ಮೇಲಿನ ಅಂಚು, ಕೆಳಗಿನ ಅಂಚು ಮುಟ್ಟಲಿಲ್ಲ. ಚಾಸಿ ಬಾಗುವಾಗ ಎಳೆತ ಎಲ್ಲ ಆ ಎರಡು ಅಂಚುಗಳ ಮೇಲೆ. ಅಲ್ಲಿ ಅಡ್ಡಡ್ಡ ವೆಲ್ಡ್ ಗೆರೆ ಎಳೆದರೆ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ.

ಇನ್ನು ಮೂಕಿಯ ಬೆಸುಗೆ. ಗೇಟು, ಸ್ಟ್ಯಾಂಡು ನಾನೇ ವೆಲ್ಡ್ ಮಾಡುತ್ತೇನೆ. ಇದನ್ನು ಮಾಡಲಿಲ್ಲ. ವೃತ್ತಿಯಲ್ಲೇ ಇರುವವರ ಕೈಯಲ್ಲಿ ಮಾಡಿಸಿದೆ. ಅವರು ನಾನು ತಾತ್ಕಾಲಿಕವಾಗಿ ಹಾಕಿದ್ದ ಚುಕ್ಕೆ ಬೆಸುಗೆ (ಟ್ಯಾಕ್) ನೋಡಿ, "ಇದು ಮೇಲೆ ಕೂತಿದೆ, ಒಳಗೆ ಇಳಿದಿಲ್ಲ" ಎಂದು ಎರಡೇ ಏಟಿಗೆ ಕೀಳಿಸಿ ತೋರಿಸಿದರು. ಮುಜುಗರ ಆಯಿತು. ಆದರೆ ಹಿಂದೆ ಬರುವ ಬೈಕಿನವನ ಜೀವಕ್ಕಿಂತ ನನ್ನ ಮುಜುಗರ ದೊಡ್ಡದಲ್ಲ ಅಲ್ವಾ? ವೆಲ್ಡ್ ಮಾಡುವ ಜಾಗದಲ್ಲಿ ಬಣ್ಣ, ತುಕ್ಕು ಇರಬಾರದು. ಸತುವಿನ ಲೇಪ ಇರುವ ಪೈಪು ತಂದಿದ್ದರೆ ಅದನ್ನೂ ಉಜ್ಜಿ ತೆಗೆಯಿರಿ, ಆ ಹೊಗೆ ಕುಡಿದರೆ ಜ್ವರ ಬರುತ್ತದೆ.

ಎತ್ತರದ ವಿಚಾರ ನಮಗೆ ತಡವಾಗಿ ಹೊಳೆಯಿತು. ಪಿಕಪ್ ಎತ್ತರದ ಗಾಡಿ, ಕಾರಿನ ಬಾಲ್ ತಗ್ಗು. ಚಾಸಿಯ ತಳ ನೆಲದಿಂದ 54 ಸೆಂ.ಮೀ., ನನ್ನ ಬಾಲ್‌ನ ನಡು 43 ಸೆಂ.ಮೀ. ಮೂಕಿಯನ್ನು ಚಾಸಿ ಕೆಳಗೆ ಹಾಕಿದರೂ ಇನ್ನೂ ಎತ್ತರ ಉಳಿಯಿತು. ಮೂಗು ಇಳಿಸಿ ಎಳೆದರೆ ನಡೆಯುತ್ತದಾ ಎಂದರೆ, ಸ್ವಲ್ಪ ಇಳಿದಿದ್ದರೆ ತೊಂದರೆ ಇಲ್ಲ. ಮೂಗು ಮೇಲೆತ್ತಿ ಬಾಲ ತಗ್ಗಿದರೆ ಕೆಟ್ಟದ್ದು. ನಾವು ಮೂಕಿಯ ತುದಿಗೆ 12 ಮಿ.ಮೀ. ಪ್ಲೇಟ್ ನಿಲ್ಲಿಸಿ ಬೆಸೆದು, ಅದರಲ್ಲಿ ಮೇಲಿಂದ ಕೆಳಗೆ ಐದು ಜೊತೆ ತೂತು ಮಾಡಿಸಿದೆವು. ಬಾಲ್ ಮೇಲೆ ಕೂತು ಲಾಕ್ ಆಗುವ ಬಟ್ಟಲನ್ನು, ಅಂದರೆ ಕಪ್ಲರನ್ನು, ಬೇಕಾದ ಎತ್ತರಕ್ಕೆ ಬೋಲ್ಟ್ ಮಾಡಬಹುದು. ಕಾರು ಬದಲಾದರೂ ಚಿಂತೆ ಇಲ್ಲ.

ಕಪ್ಲರ್ ಕೊಳ್ಳುವಾಗ ಬಾಲ್ ಅಳತೆ ನೋಡಿ. 50 ಮಿ.ಮೀ. ಬಾಲ್ ಬೇರೆ, 2 ಇಂಚಿನ ಬಾಲ್ ಬೇರೆ. 2 ಇಂಚು ಅಂದರೆ 50.8 ಮಿ.ಮೀ. ವ್ಯತ್ಯಾಸ ಒಂದು ಮಿಲಿಮೀಟರ್ ಕೂಡ ಇಲ್ಲ ಎಂದು ಬೆರೆಸಬೇಡಿ. ದೊಡ್ಡ ಕಪ್ಲರ್ ಚಿಕ್ಕ ಬಾಲ್ ಮೇಲೆ ಕೂರುತ್ತದೆ, ಲಾಕ್ ಕೂಡ ಆಗುತ್ತದೆ. ದೊಡ್ಡ ಗುಂಡಿ ಸಿಕ್ಕಾಗ ಜಿಗಿದು ಕಳಚಿಕೊಳ್ಳಬಹುದು. ಅದಕ್ಕೇ ಎರಡು ಸುರಕ್ಷಾ ಸರಪಳಿ ಬೇಕು. ಮೂಕಿಯ ಕೆಳಗೆ ಒಂದಕ್ಕೊಂದು ಅಡ್ಡ ಹಾಯಿಸಿ ಕಾರಿಗೆ ಕೊಂಡಿ ಹಾಕಿ. ಕಪ್ಲರ್ ಕಳಚಿದರೆ ಮೂಕಿ ಆ ಜೋಳಿಗೆಯಲ್ಲಿ ಬೀಳುತ್ತದೆ, ರಸ್ತೆಗೆ ಕುಕ್ಕುವುದಿಲ್ಲ. ತಿರುವಿಗೆ ಸಾಕಾಗುವಷ್ಟು ಉದ್ದ ಇರಲಿ, ನೆಲಕ್ಕೆ ಉಜ್ಜದಿರಲಿ.

ನಮ್ಮ ಅಳತೆ ತಪ್ಪಿದ್ದು

ಕಪ್ಲರ್ ನಡುವಿನಿಂದ ಬಾಡಿಯ ಎರಡೂ ಮೂಲೆಗೆ ಟೇಪು ಹಿಡಿದೆವು. ಎರಡೂ ಒಂದೇ. ಖುಷಿಯಾಗಿ ಬೆಸೆಸಿದೆವು. ಮೊದಲ ಸಲ ರಸ್ತೆಗೆ ತಂದಾಗ ಹಿಂದೆ ಬೈಕಿನಲ್ಲಿ ಬರುತ್ತಿದ್ದ ತಮ್ಮ ಫೋನ್ ಮಾಡಿ, "ಅಣ್ಣ, ಇದು ಏಡಿ ಥರ ಬರ್ತಿದೆ" ಎಂದ. ಕಾರಿನ ಎಡಗನ್ನಡಿಯಲ್ಲಿ ಟ್ರೇಲರಿನ ಹಿಂಬದಿ ಮೂಲೆ ಕಾಣುತ್ತಿತ್ತು, ಬಲಗನ್ನಡಿಯಲ್ಲಿ ಕಾಣುತ್ತಿರಲಿಲ್ಲ.

ಮನೆಗೆ ತಂದು ಈ ಸಲ ಬಾಡಿಯಿಂದಲ್ಲ, ಆಕ್ಸಲ್‌ನಿಂದ ಅಳೆದೆವು. ಕಪ್ಲರ್ ನಡುವಿನಿಂದ ತೂಗುಗುಂಡು ಬಿಟ್ಟು ನೆಲದಲ್ಲಿ ಚುಕ್ಕೆ. ಆಕ್ಸಲಿನ ಎರಡು ತುದಿಗಳಲ್ಲಿ, ಬ್ರೇಕ್ ಪ್ಲೇಟಿನ ಒಂದೇ ಜಾಗದಿಂದ ಗುಂಡು ಬಿಟ್ಟು ಇನ್ನೆರಡು ಚುಕ್ಕೆ. ನೆಲದ ಮೇಲೆ ತ್ರಿಕೋನ ಬಂತು. ಎರಡು ಉದ್ದ ಬದಿಗಳ ನಡುವೆ 18 ಮಿ.ಮೀ. ವ್ಯತ್ಯಾಸ. ಮೂಕಿ ಸೊಟ್ಟ ಇರಲಿಲ್ಲ, ಆಕ್ಸಲ್ಲೇ ಸೊಟ್ಟ ಇತ್ತು. ಒಂದು ಬದಿಯ ಸ್ಪ್ರಿಂಗ್ ಪಟ್ಟಿಗಳನ್ನು ಸೇರಿಸಿ ಹಿಡಿದು, ಆಕ್ಸಲ್ ಮೇಲಿನ ತೂತಿನಲ್ಲಿ ತಲೆ ಊರುವ ಸೆಂಟರ್ ಬೋಲ್ಟ್ ಯಾವತ್ತೋ ತುಂಡಾಗಿತ್ತು. ಆ ಕಡೆ ಆಕ್ಸಲ್ ಹಿಂದಕ್ಕೆ ಜಾರಿ, ಸ್ಪ್ರಿಂಗನ್ನು ಆಕ್ಸಲಿಗೆ ಕಟ್ಟುವ ಯು-ಬೋಲ್ಟಿನ ಬಿಗಿಯಲ್ಲೇ ನಿಂತಿತ್ತು. ಪಿಕಪ್ ಆಗಿದ್ದಾಗ ಸ್ಟೇರಿಂಗ್ ಸ್ವಲ್ಪ ಓರೆ ಹಿಡಿದು ಓಡಿಸುವುದು ಅಭ್ಯಾಸವಾಗಿ, ನನಗೆ ಗೊತ್ತೇ ಆಗಿರಲಿಲ್ಲ.

ಹೊಸ ಸೆಂಟರ್ ಬೋಲ್ಟು, ಹೊಸ ಯು-ಬೋಲ್ಟು ಹಾಕಿದ ಮೇಲೆ ವ್ಯತ್ಯಾಸ 2 ಮಿ.ಮೀ.ಗೆ ಇಳಿಯಿತು. ಅದೃಷ್ಟಕ್ಕೆ ಮೂಕಿ ಕೀಳಬೇಕಾಗಲಿಲ್ಲ. ನೀವು ಈ ತ್ರಿಕೋನವನ್ನು ಬೆಸುಗೆಗೆ ಮುಂಚೆ, ಬರೀ ಕ್ಲ್ಯಾಂಪ್ ಹಾಕಿದ್ದಾಗಲೇ ಎಳೆಯಿರಿ. ಆಕ್ಸಲ್ ಚಾಸಿಗೆ ನೇರ ಇದೆಯೇ ಎಂದು ಅದಕ್ಕೂ ಮುಂಚೆ ನೋಡಿ.

ಲೈಟು, ಬ್ರೇಕು

ಪಿಕಪ್‌ನ ಹಿಂದಿನ ಲೈಟುಗಳೇ ಸಾಕು. ಪಕ್ಕಕ್ಕೆ, ಹಿಂದಕ್ಕೆ ರಿಫ್ಲೆಕ್ಟರ್ ಸೇರಿಸಿ. ವೈರಿನ ಬಣ್ಣ ನೋಡಿ ಜೋಡಿಸುವಾಗ ಎಚ್ಚರ. ಏಳು ಪಿನ್ನಿನ ದುಂಡು ಪ್ಲಗ್ಗಿನಲ್ಲಿ ಹಳದಿ ಎಡ ಇಂಡಿಕೇಟರ್, ಹಸಿರು ಬಲ ಇಂಡಿಕೇಟರ್, ಕೆಂಪು ಬ್ರೇಕ್, ಬಿಳಿ ಅರ್ಥ್. ನಾಲ್ಕು ವೈರಿನ ಚಪ್ಪಟೆ ಪ್ಲಗ್ಗಿನಲ್ಲಿ ಹಳದಿಯಲ್ಲೇ ಎಡ ಇಂಡಿಕೇಟರ್ ಮತ್ತು ಬ್ರೇಕ್ ಎರಡೂ ಬರುತ್ತವೆ, ಹಸಿರಿನಲ್ಲಿ ಬಲದ್ದು, ಕಂದು ಬಣ್ಣ ಹಿಂದಿನ ಲೈಟು, ಬಿಳಿ ಅರ್ಥ್. ಹಳೆ ಗಾಡಿಯ ವೈರಿಂಗ್ ಬಣ್ಣ ಇವೆರಡಕ್ಕೂ ಹೊಂದದೆ ಇರಬಹುದು. ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದಾಗಿ ನೋಡಿ.

ನಮ್ಮಲ್ಲಿ ಎಡ ಇಂಡಿಕೇಟರ್ ಹಾಕಿದರೆ ಎರಡೂ ಹಿಂದಿನ ಲೈಟು ಮಿಣುಕುತ್ತಿದ್ದವು, ಬ್ರೇಕ್ ಒತ್ತಿದರೆ ಇಂಡಿಕೇಟರ್ ಸತ್ತುಹೋಗುತ್ತಿತ್ತು. ಇಂಥ ದೆವ್ವದ ಆಟ ಕಂಡರೆ ಬೇರೆ ಏನೂ ಹುಡುಕಬೇಡಿ, ಅರ್ಥ್ ನೋಡಿ. ಕರೆಂಟ್ ವಾಪಸ್ ಹೋಗಲು ನೇರ ದಾರಿ ಇಲ್ಲದೆ, ಬೇರೆ ಬಲ್ಬುಗಳ ಮೂಲಕ ಹಾದುಹೋಗುತ್ತಿರುತ್ತದೆ. ಗ್ರೀಸ್ ಹಚ್ಚಿದ ಬಾಲ್ ಮೂಲಕ ಅರ್ಥ್ ಸಿಗುತ್ತದೆ ಎಂದು ನಂಬಿದ್ದೆವು. ಪ್ಲಗ್ಗಿನ ಬಿಳಿ ವೈರನ್ನು ಚಾಸಿಯ ಬಣ್ಣ ಕೆರೆದು ಬೋಲ್ಟ್ ಹಾಕಿದ ಮೇಲೆ ಎಲ್ಲ ಸರಿಹೋಯಿತು.

ನನ್ನ ಟ್ರೇಲರನ್ನು 750 ಕೆ.ಜಿ. ಮಿತಿಯೊಳಗೇ ಇಟ್ಟುಕೊಂಡಿದ್ದೇನೆ, ಹಾಗಾಗಿ ಓಡುವಾಗಿನ ಬ್ರೇಕ್ ಹಾಕಲಿಲ್ಲ. ಜಾಸ್ತಿ ಹೊರಬೇಕೆಂದರೆ ಬೇಕೇ ಬೇಕು. ಒತ್ತಡದಲ್ಲಿ ಕೆಲಸ ಮಾಡುವ ಕಪ್ಲರ್ ಸಿಗುತ್ತದೆ. ಕಾರು ನಿಧಾನ ಆದಾಗ ಟ್ರೇಲರ್ ಮುಂದಕ್ಕೆ ತಳ್ಳುತ್ತದಲ್ಲ, ಆ ತಳ್ಳುವಿಕೆಯೇ ಬ್ರೇಕ್ ಆಯಿಲನ್ನು ಪಿಕಪ್‌ನ ಹಳೆ ಡ್ರಮ್‌ಗಳಿಗೆ ನೂಕುತ್ತದೆ. ಒಂದೇ ತೊಡಕು, ಹಿಂದಕ್ಕೆ ತೆಗೆಯುವಾಗಲೂ ಅದು ಬ್ರೇಕ್ ಹಿಡಿಯುತ್ತದೆ. ರಿವರ್ಸ್ ಲೈಟಿನ ವೈರಿನಿಂದ ಅದನ್ನು ತಡೆಯುವ ವಾಲ್ವ್ ಹಾಕಿಸಬೇಕು.

ಹ್ಯಾಂಡ್‌ಬ್ರೇಕ್ ಮಾತ್ರ ಬಿಡಲಿಲ್ಲ. ಕ್ಯಾಬಿನ್ನಿನಿಂದ ಹಳೆ ಲಿವರ್ ಬಿಚ್ಚಿ ತಂದು ಮೂಕಿಯ ಮೇಲೆ ಬೋಲ್ಟ್ ಮಾಡಿ, ಅದೇ ಹಳೆ ಕೇಬಲ್ ಜೋಡಿಸಿದೆ. ಇಳಿಜಾರಿನಲ್ಲಿ ಟ್ರೇಲರ್ ಕಳಚುವಾಗ ಎಷ್ಟು ಉಪಕಾರ ಅಂದರೆ, ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ ಅದೇ. ಆದರೂ ಚಕ್ರಕ್ಕೆ ಅಡೆ ಕೊಡದೆ ಬಿಡುವುದಿಲ್ಲ.

ಟೈರ್ ಮೇಲಿನ ಕಚ್ಚುಗಳು ಚೆನ್ನಾಗಿದ್ದರೂ ವಯಸ್ಸು ನೋಡಿ. ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ. ನನ್ನದರಲ್ಲಿ ಒಂದು ಟೈರಿಗೆ 14 ವರ್ಷ ಆಗಿತ್ತು, ಪಕ್ಕದಲ್ಲಿ ಕೂದಲೆಳೆ ಬಿರುಕು. ಎರಡನ್ನೂ ಬದಲಿಸಿದೆ. ಶಾಕ್ ಅಬ್ಸಾರ್ಬರ್ ತೆಗೆಯಬೇಡಿ. ಪಿಕಪ್‌ನ ಸ್ಪ್ರಿಂಗ್ ಗಡುಸು, ಖಾಲಿ ಟ್ರೇಲರ್ ಚೆಂಡಿನ ಹಾಗೆ ಪುಟಿಯುತ್ತದೆ.

ಹೇರುವುದು

ಮೊದಲ ಓಟಕ್ಕೆ ಹತ್ತು ಕಿಲೋಮೀಟರ್ ಹೋಗಿ ನಿಲ್ಲಿಸಿ, ಹಬ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿ ಇದ್ದರೆ ಬೇರಿಂಗ್ ಅಥವಾ ಹಿಡಿದುಕೊಂಡ ಬ್ರೇಕ್. ಚಕ್ರದ ನಟ್ಟು, ಯು-ಬೋಲ್ಟು, ಮೂಕಿಯ ಬೋಲ್ಟು ಮೂರನ್ನೂ ಐವತ್ತು ಕಿಲೋಮೀಟರಿಗೆ ಮತ್ತೊಮ್ಮೆ ಬಿಗಿ ಮಾಡಿ. ನಮ್ಮ ಯು-ಬೋಲ್ಟುಗಳು ಕಾಲು ಸುತ್ತು ತೆಗೆದುಕೊಂಡವು.

ನನಗೆ ನಿಜವಾಗಿ ಹೆದರಿಕೆ ಆದದ್ದು ಎರಡನೇ ವಾರ. ಸೌದೆ ತುಂಡು ಹೇರಿದ್ದೆವು, ಸುಮಾರು 300 ಕೆ.ಜಿ. ಹಿಂದಿನ ಬಾಗಿಲಿನಿಂದ ಒಳಗೆ ನೂಕಿದ್ದು. ಮುಂದಿನ ಗೋಡೆವರೆಗೆ ತಳ್ಳುವ ತಾಳ್ಮೆ ಯಾರಿಗೂ ಇರಲಿಲ್ಲ, ಬಾಗಿಲ ಹತ್ತಿರವೇ ಗುಡ್ಡೆ ಬಿತ್ತು. ಗಂಟೆಗೆ 60ರ ವೇಗದಲ್ಲಿ ಒಂದು ಸಣ್ಣ ಇಳಿಜಾರು. ಸ್ಟೇರಿಂಗ್ ಹಗುರಾದ ಹಾಗೆ ಅನ್ನಿಸಿತು. ಆಮೇಲೆ ಕನ್ನಡಿಯಲ್ಲಿ ಟ್ರೇಲರ್ ಎಡಕ್ಕೆ, ಬಲಕ್ಕೆ, ಇನ್ನೂ ಜೋರಾಗಿ ಎಡಕ್ಕೆ. ಕಾರಿನ ಹಿಂಭಾಗವನ್ನು ಯಾರೋ ಹಿಡಿದು ಅಲ್ಲಾಡಿಸಿದ ಹಾಗೆ. ಬ್ರೇಕ್ ಒತ್ತಲಿಲ್ಲ, ಸ್ಟೇರಿಂಗ್ ತಿರುಗಿಸಲಿಲ್ಲ, ಆಕ್ಸಲರೇಟರ್‌ನಿಂದ ಕಾಲು ತೆಗೆದು ಸುಮ್ನೆ ಹಿಡಿದು ಕೂತೆ. 40ಕ್ಕೆ ಇಳಿದಾಗ ನಿಂತಿತು. ಅಂಥ ಹೊತ್ತಿನಲ್ಲಿ ಮಾಡಬೇಕಾದದ್ದೂ ಅಷ್ಟೇ.

ಪಕ್ಕಕ್ಕೆ ಹಾಕಿ ಕಪ್ಲರ್ ಬಿಡಿಸಿ ನೋಡಿದರೆ, ಮೂಕಿಯನ್ನು ಒಂದೇ ಕೈಯಲ್ಲಿ ಎತ್ತಬಹುದಿತ್ತು. ಎತ್ತಿನಗಾಡಿಯವರು ಹಿಂಭಾರ ಅನ್ನುವುದು ಇದಕ್ಕೇ. ಹಿಂಭಾರದ ಟ್ರೇಲರ್ ಬಾಲ ಬೀಸುತ್ತದೆ. ಟ್ರೇಲರಿನ ಒಟ್ಟು ತೂಕದ ಹತ್ತನೇ ಒಂದು ಭಾಗ ಬಾಲ್ ಮೇಲೆ ಕೂರಬೇಕು ಎಂದು ಲೆಕ್ಕ ಇಟ್ಟುಕೊಳ್ಳಿ, ಆದರೆ ನಿಮ್ಮ ಕಾರಿನ ಹುಕ್ಕಿಗೆ ಹೇಳಿದ ಮಿತಿ ಮೀರದಂತೆ. ನನ್ನ ಖಾಲಿ ಟ್ರೇಲರ್ 410 ಕೆ.ಜಿ., ಸೌದೆ ಸೇರಿ 710. ಅಂದರೆ 70 ಕೆ.ಜಿ. ಮುಂಭಾರ ಬೇಕಿತ್ತು. ಇದ್ದದ್ದು 8.

ಅಳೆಯಲು ಮನೆಯ ತೂಕದ ಯಂತ್ರ ಸಾಕು. ಸಮನೆಲದಲ್ಲಿ ಚಕ್ರಕ್ಕೆ ಅಡೆ ಕೊಟ್ಟು, ಯಂತ್ರದ ಮೇಲೆ ಮರದ ದಿಮ್ಮಿ ನಿಲ್ಲಿಸಿ, ಕಪ್ಲರನ್ನು ಬಾಲ್ ಇರುವ ಎತ್ತರದಲ್ಲೇ ಅದರ ಮೇಲೆ ಕೂರಿಸಿ. ದಿಮ್ಮಿಯ ತೂಕ ಕಳೆಯಿರಿ. ಯಂತ್ರದ ಮಿತಿಗಿಂತ ಭಾರ ಬರುವ ಹಾಗಿದ್ದರೆ ಒಂದು ಗಟ್ಟಿ ಹಲಗೆ ತೆಗೆದುಕೊಳ್ಳಿ. ಒಂದು ತುದಿ ಇಟ್ಟಿಗೆ ಮೇಲೆ, ಇನ್ನೊಂದು ತುದಿ ಯಂತ್ರದ ಮೇಲೆ. ಇಟ್ಟಿಗೆಯಿಂದ ಒಂದು ಪಾಲು, ಯಂತ್ರದಿಂದ ಎರಡು ಪಾಲು ದೂರದಲ್ಲಿ ಕಪ್ಲರ್ ಇಳಿಸಿ. ಹಲಗೆಯ ಭಾರ ಕಳೆದು, ಉಳಿದದ್ದನ್ನು ಮೂರರಿಂದ ಗುಣಿಸಿ.

ಸರಕು ಎಷ್ಟು ಸರಿಸಬೇಕು ಎನ್ನುವುದಕ್ಕೂ ಲೆಕ್ಕ ಇದೆ. ಬಾಲ್‌ನಿಂದ ಆಕ್ಸಲ್‌ಗೆ 3 ಮೀಟರ್ ಇರುವ ನನ್ನ ಟ್ರೇಲರಿನಲ್ಲಿ 100 ಕೆ.ಜಿ.ಯನ್ನು 1 ಮೀಟರ್ ಮುಂದಕ್ಕೆ ತಂದರೆ ಬಾಲ್ ಮೇಲೆ 33 ಕೆ.ಜಿ. ಜಾಸ್ತಿ ಆಗುತ್ತದೆ. ಅವತ್ತು ರಸ್ತೆ ಬದಿಯಲ್ಲಿ ಸುಮಾರು 200 ಕೆ.ಜಿ. ಸೌದೆಯನ್ನು ಕೈಯಿಂದ ಒಂದೊಂದಾಗಿ ಮುಂದಕ್ಕೆ ಹಾಕಿದೆವು. ವಾಪಸ್ ಬರುವಾಗ ಅದೇ ರಸ್ತೆ, ಅದೇ 60, ಟ್ರೇಲರ್ ಇದೆ ಎಂಬುದೇ ಮರೆತುಹೋಗುವ ಹಾಗೆ ಬಂತು.

ಮರುದಿನ ತಮ್ಮ ಬಾಡಿಯ ಒಳಗೆ ಆಕ್ಸಲ್ ಮೇಲೆ ಸರಿಯಾಗಿ, ಈ ಗೋಡೆಯಿಂದ ಆ ಗೋಡೆಗೆ, ಹಳದಿ ಬಣ್ಣದಲ್ಲಿ ಗೆರೆ ಎಳೆದ. ಗೆರೆಯ ಮುಂದೆ "ಆರು ಚೀಲ", ಹಿಂದೆ "ನಾಲ್ಕು ಚೀಲ" ಎಂದು ಬರೆದ. ಹೇರಲು ಕೈಜೋಡಿಸುವವರು ಈಗ ನನ್ನನ್ನು ಏನೂ ಕೇಳುವುದಿಲ್ಲ, ಗೆರೆ ನೋಡಿ ಹಾಕುತ್ತಾರೆ. ಬಣ್ಣ ಎರಡು ಸಲ ಸವೆದುಹೋಗಿದೆ, ಎರಡು ಸಲವೂ ಮತ್ತೆ ಬಳಿದಿದ್ದೇವೆ.